ಮೊದಲ ನಂಬರಿನ ಊರು

ಮೂರು ಊರುಗಳಲ್ಲಿ ಯಾವುದು ಜನ ಬದುಕುವುದಕ್ಕೆ ಮೇಲು ಎಂಬುದನ್ನು ಸರಕಾರಿ ಅಂಕಿಗಳನ್ನು ಇಟ್ಟುಕೊಂಡು ತೀರ್ಮಾನಿಸಬೇಕು, ಬೆಳಗಾವಿಯ ಸಮಿತಿಯೊಂದು ನನಗೆ ಒಪ್ಪಿಸಿದ ಕೆಲಸ ಅದು. ಎರಡನೆಯ ಮಹಾಯುದ್ಧ ಇನ್ನೂ ಸುರುವಾಗಿರಲಿಲ್ಲ. ಅರ್ಥಶಾಸ್ತ್ರದಲ್ಲಿ ಪದವಿ ಮುಗಿಸಿ ನಾನು ಗೋಕಾಕದಲ್ಲಿ ಸೋದರತ್ತೆಯ ಮನೆಯಲ್ಲಿದ್ದೆ. ಊರುಗಳಲ್ಲಿ ಎರಡು ಮೂಡಲಗಿ ಮತ್ತು ಹುಕ್ಕೇರಿ. ಮೂರನೆಯದರ ಹೆಸರು ಬರೆಯುವುದಿಲ್ಲ. ಅಲ್ಲಿಯ ಮನೆಗಳಲ್ಲಿ ಆಗಿನ ಜನ ಇನ್ನೂ ಇದ್ದಾರೆ. ಅದು ಬೆಲ್ಲದ ವ್ಯಾಪಾರ ಜೋರಾಗಿ ನಡೆಯುವ, ಮುನಸಿಪಾಲಟಿ ಇರುವ ಊರು. ಸುತ್ತಿನ ಹಳ್ಳಿಯವರು ಅದನ್ನು ಪೇಟೆ ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತೇನೆ.

ಸಮಿತಿಯ ಪಗಾರದ ಮೇಲೆ ಒಬ್ಬ ನರ್ಸಬಾಯಿ ಕೆಲವು ವರ್ಷಗಳಿಂದ ಮೂಡಲಗಿಯಲ್ಲಿದ್ದರು. ಹೆರಿಗೆ ಮಾಡಿಸುವುದು, ಕೂಸುಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಈಗ ಒಬ್ಬ ದಾನಿ ಎರಡು ಕೋಣೆಯ ಹೆರಿಗೆಮನೆ ಕಟ್ಟಿಸಲು ಮುಂದೆ ಬಂದಿದ್ದರು. ಅದನ್ನು ಎಲ್ಲಿ ಕಟ್ಟಬೇಕು, ನರ್ಸಬಾಯಿ ಇನ್ನು ಮುಂದೆ ಯಾವ ಊರಲ್ಲಿರಬೇಕು ಎಂಬುದು ನನ್ನ ಪಟ್ಟಿಯಿಂದ ನಿಶ್ಚಯವಾಗಬೇಕಾಗಿತ್ತು. ಸಮಿತಿಯ ಕಾರ್ಯದರ್ಶಿಗಳು ವಕೀಲರು. ಸುಧಾರಿಸುವ ಗುಣ ತೋರಿಸಿದ ಊರಿಗೇ ಸಹಾಯ ಕೊಡಬೇಕು, ತೂತು ಕೊಡಕ್ಕೆ ನೀರು ಸುರಿಯಬಾರದು ಎಂಬುದು ಅವರ ವಾದ. ನರ್ಸಬಾಯಿ ಇದ್ದೂ ಮೂಡಲಗಿಯಲ್ಲಿ ವರ್ಷ ತುಂಬದ ಕೂಸುಗಳ ಸಾವು ಇಳಿದಿಲ್ಲ, ಏರಿದೆ ಎಂದು ಅವರಿಗೆ ಯಾರೋ ಆಗಲೇ ಹೇಳಿದ್ದರು. ಪಟ್ಟಿ ಹಾಗೆಯೇ ಬಂದರೆ ನರ್ಸಬಾಯಿಯನ್ನು ಅಲ್ಲಿಂದ ಎಬ್ಬಿಸುವುದು ಎಂದು ಅವರು ನನಗೆ ಮುಚ್ಚುಮರೆಯಿಲ್ಲದೆ ತಿಳಿಸಿದರು.

ಒಟ್ಟು ನೂರು ಅಂಕ. ನಳದ ನೀರು, ಗಟಾರ, ಬೀದಿದೀಪ, ಹೆಣ್ಣುಮಕ್ಕಳ ಸಾಲೆ, ಸಿಡುಬು ಬಾರದಂತೆ ದೇವಿ ಹಾಕಿಸಿಕೊಂಡ ಮಕ್ಕಳು, ಒಟ್ಟು ಸಾವು, ಕೂಸುಗಳ ಸಾವು, ಹೀಗೆ ತಲೆಬರಹಗಳನ್ನು ಮಾಡಿದೆ. ಕೂಸುಗಳ ಸಾವಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಇಡಬೇಕೆಂದು ಹಟ ಹಿಡಿದವಳು ನಾನೇ. ಒಂದು ಊರಿನ ನೀರು, ಹೊಲಸು, ಬಡತನ, ಎಲ್ಲವೂ ಮೊದಲು ಮುಟ್ಟುವುದು ಅಲ್ಲಿಯ ಕೂಸುಗಳನ್ನು. ಸಾವಿರ ಜನನಕ್ಕೆ ಎಷ್ಟು ಕೂಸುಗಳು ಸತ್ತವು ಎಂಬ ಒಂದು ಅಂಕಿ ಹತ್ತು ವರದಿಗಳಿಗಿಂತ ಹೆಚ್ಚು ಹೇಳುತ್ತದೆ ಎಂದು ನಾನು ಓದಿದ್ದೆ, ನಂಬಿದ್ದೆ. ಈಗಲೂ ನಂಬುತ್ತೇನೆ.

ಮೊದಲು ಪೇಟೆಗೆ ಹೋದೆ. ಮುನಸಿಪಾಲಟಿಯ ಕಾರಕೂನ ವಾರ್ಷಿಕ ವರದಿಯನ್ನು ಬಟ್ಟೆ ಹೊದಿಸಿ ಇಟ್ಟಿದ್ದ. ಅಧ್ಯಕ್ಷರು ಬೆಲ್ಲದ ದಲಾಲಿ ಮಾಡುವ ಅಡತಿ ವ್ಯಾಪಾರಿ, ದಪ್ಪ ದನಿಯ, ನಗುಮುಖದ ಮನುಷ್ಯ. ಕುರ್ಚಿ ಒರೆಸಿಸಿ, ಚಹಾ ತರಿಸಿ, ತಾವು ನಿಂತೇ ಮಾತಾಡಿದರು.

“ನಮ್ಮೂರು ಅಂದ್ರ ಈ ಸೀಮ್ಯಾಗ ಪುಣೆ ಇದ್ದಂಗ್ರಿ ಬಾಯಾರ. ಪುಣೆದಾಗರೆ ಒಂದೀಟು ಗದ್ದಲ ಐತಿ, ಇಲ್ಲಿ ಅದೂ ಇಲ್ಲ.”

ಚಹಾದ ಬಟ್ಟಲಿನ ಅಂಚಿನಲ್ಲಿ ನೊಣ ಸಾಲಾಗಿ ಕೂತಿತ್ತು. ಕಾರಕೂನ ಅದನ್ನು ಕೈಯಿಂದ ಹಾರಿಸಿ, ಅದೇ ಕೈಯಿಂದ ಬಟ್ಟಲನ್ನು ನನ್ನ ಮುಂದೆ ಸರಿಸಿದ. ನಾನು ಕುಡಿಯಲಿಲ್ಲ.

ವರದಿಯಲ್ಲಿ ಬರೆದದ್ದನ್ನು ಕಣ್ಣಿಂದ ನೋಡದೆ ಅಂಕ ಹಾಕಬಾರದೆಂದು ಊರು ತಿರುಗಿದೆ. ನಳಗಳು ವರದಿಯಲ್ಲಿದ್ದಷ್ಟೇ ಇದ್ದವು, ಒಂದೂ ಸುಳ್ಳಲ್ಲ. ಆದರೆ ಕೆಳಗಿನ ಓಣಿಗಳ ನಳಗಳಲ್ಲಿ ನೀರು ಬರುತ್ತಿರಲಿಲ್ಲ. ಕೊಳವೆಯನ್ನು ನೆಲದಡಿಯಲ್ಲಿ ಒಡೆದು, ತಗ್ಗು ತೋಡಿ, ಅಲ್ಲಿ ಒಸರಿದ್ದನ್ನು ಹೆಂಗಸರು ತಂಬಿಗೆಯಿಂದ ಗೋರಿ ಕೊಡಕ್ಕೆ ಹಾಕುತ್ತಿದ್ದರು. ತಗ್ಗಿನ ಇನ್ನೊಂದು ಬದಿಯಲ್ಲಿ ಎಮ್ಮೆ ಮೂತಿ ಇಟ್ಟಿತ್ತು. ದೀಪದ ಕಂಬಗಳೂ ಲೆಕ್ಕಕ್ಕೆ ಸರಿಯಾಗಿದ್ದವು, ಬಹಳಷ್ಟರ ಮೇಲೆ ಗಾಜೂ ಇಲ್ಲ, ಬತ್ತಿಯೂ ಇಲ್ಲ, ಕೆಳಗೆ ಆಡು ಕಟ್ಟಿದ್ದರು. ಪಕ್ಕಾ ಗಟಾರದ ಉದ್ದವನ್ನು ನಾನೇ ಹೆಜ್ಜೆ ಹಾಕಿ ನೋಡಿದೆ. ಅದು ದೊಡ್ಡ ಬಜಾರದ ಅಂಗಡಿಗಳ ಮುಂದೆ ಚೊಕ್ಕಾಗಿ ಹರಿದು, ಬಜಾರ ಮುಗಿದಲ್ಲಿ ತಾನೂ ಮುಗಿಯುತ್ತಿತ್ತು. ಮುಂದೆ ಹೆಣ್ಣುಮಕ್ಕಳ ಸಾಲೆಯ ಹಿಂದಿನ ತಗ್ಗಿನಲ್ಲಿ ಅದರ ನೀರಷ್ಟೂ ನಿಂತು ಹಸಿರು ಕೆನೆ ಕಟ್ಟಿತ್ತು. ಕೆನೆಯ ಮೇಲೆ ಗುಳ್ಳೆ ಏಳುತ್ತಿದ್ದವು. ಮಕ್ಕಳು ಒಳಗೆ ಮಗ್ಗಿ ಹೇಳುತ್ತಿದ್ದರು. ಆ ವಾಸನೆ ನನ್ನ ಸೀರೆಯ ಸೆರಗಿಗೆ ಹತ್ತಿ, ಗೋಕಾಕಕ್ಕೆ ಬಂದು ಒಗೆದ ಮೇಲೂ ಮೂಗಿನಿಂದ ಹೋಗಲಿಲ್ಲ. ಅತ್ತೆ ಬಡಿಸಿದ ಊಟವನ್ನು ಬಿಟ್ಟೆದ್ದೆ.

ಇಷ್ಟಿದ್ದೂ ಕೂಸುಗಳ ಸಾವಿನ ಅಂಕಿ ಪೇಟೆಯಲ್ಲಿ ತೀರ ಕಡಿಮೆ. ಮೂರರಲ್ಲೂ ಅದೇ ಉತ್ತಮ. ಲೆಕ್ಕ ತಪ್ಪಿರಬಹುದೆಂದು ಮತ್ತೆ ಭಾಗಿಸಿದೆ. ತಪ್ಪಿರಲಿಲ್ಲ.

ಆಮೇಲೆ ಮೂಡಲಗಿ. ನರ್ಸಬಾಯಿ ಗಾಣದ ಮನೆಯ ಪಕ್ಕದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದರು. ನಡು ವಯಸ್ಸಿನ, ಎತ್ತರದ ಹೆಂಗಸು. ನಾನು ಬಾಗಿಲಲ್ಲಿ ನಿಂತು ಸಮಿತಿಯ ಹೆಸರು ಹೇಳಿದ ಕೂಡಲೆ ಒಂದು ಚೆಂಬು ನೀರು, ಸಾಬೂನಿನ ತುಣುಕು ಮುಂದಿಟ್ಟು, ಕೈ ತೊಳೆದು ಒಳಗೆ ಬರಬೇಕೆಂದರು. ತೊಳೆದೆ. ಬಂದ ಕೆಲಸ ಹೇಳಿದಾಗ ಅವರ ಮುಖ ಬಿಗಿಯಿತು.

“ಎಷ್ಟು ಕೂಸು ಸತ್ತಾವಂತ ಎಣಸಾಕ ಬಂದೀರಿ? ಎಣಸ್ರಿ. ಉಳದದ್ದು ಎಣಸಾಕ ಯಾರೂ ಬರಂಗಿಲ್ಲ.”

ಅವರು ತಮ್ಮ ಕಡೆಯ ಲೆಕ್ಕವೇನನ್ನೂ ಇಟ್ಟಿರಲಿಲ್ಲ. ಬರೆಯುವುದಕ್ಕೆ ಪುರುಸೊತ್ತಿಲ್ಲ, ಬರೆದರೆ ಓದುವವರಿಲ್ಲ ಎಂದರು. ಆದರೆ ಒಂದು ವಿಷಯದಲ್ಲಿ ಕಟ್ಟುನಿಟ್ಟು. ಯಾರ ಮನೆಯಲ್ಲಿ ಕೂಸು ತೀರಿಕೊಂಡರೂ ಗೌಡರ ಚಾವಡಿಗೆ ಹೋಗಿ ಬರೆಸುವ ತನಕ ಬಿಡುತ್ತಿರಲಿಲ್ಲ. ಯಾವ ಬೇನೆಯಿಂದ ಸತ್ತಿತು ಎಂದು ಬರೆಯದಿದ್ದರೆ ಬಾವಿಗೆ ಔಷಧ ಹಾಕುವವರು ತಾಲೂಕಿನಿಂದ ಬರುವುದಿಲ್ಲ ಎಂಬ ಕಾರಣಕ್ಕೆ. ಅಂದರೆ ಮೂಡಲಗಿಯಲ್ಲಿ ಸಾವು ತಪ್ಪದೆ ದಾಖಲಾಗುತ್ತಿತ್ತು. ಅದಕ್ಕೆ ಕಾರಣ ಅವರೇ. ಆ ಸಾವುಗಳನ್ನು ಜನನಗಳಿಂದ ಭಾಗಿಸಿದಾಗ ಬಂದ ಅಂಕಿ ನೋಡಿ ನನಗೇ ಗಾಬರಿಯಾಯಿತು. ಹುಕ್ಕೇರಿಯದು ನಡುವೆ ಬಂತು. ಪಟ್ಟಿ ಆಗಲೇ ಆಯಿತು: ಪೇಟೆ ಮೊದಲು, ಮೂಡಲಗಿ ಕೊನೆ. ಸಮಿತಿಗೆ ಅದನ್ನು ಕಳಿಸಿಬಿಡಬಹುದಾಗಿತ್ತು. ಕಳಿಸಿಯೂ ಬಿಟ್ಟೆ, ಕರಡು ಎಂದು ಮೇಲೆ ಬರೆದು.

ಅದನ್ನೇ ಕೊನೆಯ ಪಟ್ಟಿ ಮಾಡದಂತೆ ನನ್ನನ್ನು ತಡೆದದ್ದು ದೇವಿ ಹಾಕಿಸಿಕೊಂಡವರ ಅಂಕಿ. ಪೇಟೆಯಲ್ಲಿ ಒಂದು ವರ್ಷ ಹುಟ್ಟಿದ ಕೂಸುಗಳಿಂದ ಸತ್ತವನ್ನು ಕಳೆದರೆ ಉಳಿಯಬೇಕಾದಷ್ಟು ಕೂಸುಗಳು ದೇವಿ ಹಾಕುವವನ ಕೈಗೆ ಸಿಕ್ಕಿರಲಿಲ್ಲ. ಅರ್ಧಕ್ಕರ್ಧ ಕಾಣೆ. ದೇವಿ ಹಾಕುವವನು ಸೋಮಾರಿ ಇರಬೇಕು ಎಂದುಕೊಂಡೆ. ಅದನ್ನು ಖಚಿತ ಮಾಡಿಕೊಳ್ಳುವುದಕ್ಕೆ ಮತ್ತೆ ಪೇಟೆಗೆ ಹೊರಟೆ. ಧುಪದಾಳದ ಒಡ್ಡಿನ ಹತ್ತಿರ ಮೋಟಾರು ಕೆಟ್ಟು ನಿಂತು, ಬಿಸಿಲಲ್ಲಿ ಒಬ್ಬಳೇ ಹೆಂಗಸು ಗಂಡಸರ ನಡುವೆ ಕೂತಿದ್ದು ಬೇರೆ ಮಾತು. ಕೆಳಗಿನ ಓಣಿಯೊಂದರಲ್ಲಿ ಆ ವರ್ಷ ಜನನ ಬರೆಸಿದ ಮನೆಗಳನ್ನು ಗುರುತು ಹಾಕಿಕೊಂಡು ಒಂದೊಂದಾಗಿ ಬಾಗಿಲಿಗೆ ಹೋದೆ, ಕೂಸಿನ ತೋಳಿನ ಮೇಲೆ ದೇವಿಯ ಕಲೆ ಇದೆಯೋ ಇಲ್ಲವೋ ನೋಡುವುದಕ್ಕೆ.

ಮೊದಲ ಮನೆಯಲ್ಲಿ ಕೂಸು ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ಮನೆಯ ಅತ್ತೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ಕೂಸು ಎಲ್ಲಿ ಎಂದು ಕೇಳಿದೆ. ಮೂಡಲಗಿಯಲ್ಲಿ, ಸೊಸೆಯ ತವರಿನಲ್ಲಿ ಎಂದಳು. ಯಾವಾಗ ಹೋದರು? ಏಳು ತಿಂಗಳು ತುಂಬಿದಾಗಲೇ ಹೋಗಿದ್ದಾಳೆ ಎಂದಳು. ಹಾಗಾದರೆ ಹೆರಿಗೆ ಇಲ್ಲಿ ಆಗಲಿಲ್ಲವೇ ಎಂದೆ.

“ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಮಾಡಸ್ತಾರೇನ್ರಿ? ನಿಮ್ಮ ಕಡೆ ಹಂಗ ಮಾಡ್ತೀರೇನು?” ಆಕೆ ಪಕ್ಕದ ಮನೆಯವಳ ಕಡೆ ತಿರುಗಿ ನಕ್ಕಳು.

ಚೊಚ್ಚಲು ತವರಿನಲ್ಲಿ, ಮುಂದಿನ ಹೆರಿಗೆಗಳೂ ಬಹುಮಟ್ಟಿಗೆ ಅಲ್ಲೇ ಎಂಬುದು ನನಗೆ ಗೊತ್ತಿರದ ಸಂಗತಿಯೇನಲ್ಲ. ನಾನೇ ಅಜ್ಜನ ಮನೆಯಲ್ಲಿ ಹುಟ್ಟಿದವಳು. ಆದರೆ ಕಾನೂನಿನ ಪ್ರಕಾರ ಹುಟ್ಟಿದ ಊರಲ್ಲಿ ಬರೆಸಬೇಕಾದ ಜನನವನ್ನು ಇಲ್ಲಿ ಏಕೆ ಬರೆಸಿದಿರಿ ಎಂದು ಕೇಳಿದೆ.

“ಗಂಡಸಮಗಾ ನಮ್ಮ ಮನಿತನದ್ದು. ಅವರೂರಾಗ ಯಾಕ ಬರಸೂದ್ರಿ? ಹೆರಿಗಿ ಆತಂತ ಸುದ್ದಿ ಬಂತು, ಸಕ್ರಿ ಹಂಚಿದ್ವಿ, ಮುನಸಿಪಾಲಟಿ ಸಿಪಾಯಿ ಸಕ್ರಿ ತಿನ್ನಾಕ ಬಂದಾವನ ಹೆಸರ ಬರಕೊಂಡ ಹೋದ.”

ಅದೇ ಓಣಿಯ ತುದಿಯ ಮನೆಯಲ್ಲಿ ತಾಯಿ ಇದ್ದಳು, ಕೂಸು ಇರಲಿಲ್ಲ. ಹುಡುಗಿಗೆ ಹದಿನೆಂಟು ಇರಬಹುದು. ಜೋಳ ಕೇರುತ್ತಿದ್ದಳು. ನಾನು ಕೂಸಿನ ಮಾತು ಎತ್ತಿದಾಗ ಮೊರ ನಿಲ್ಲಲಿಲ್ಲ. ಅತ್ತೆಯೇ ಹೇಳಿದಳು: ತವರಿನಲ್ಲಿ ಹುಟ್ಟಿತು, ಚೆನ್ನಾಗಿತ್ತು, ಇಲ್ಲಿಗೆ ಕರೆತಂದ ಮೇಲೆ ಭೇದಿ ಹತ್ತಿತು, ಇಳಿದು ಹೋಯಿತು, ತಾಯಿ ಮಗು ಇಬ್ಬರನ್ನೂ ಮತ್ತೆ ಮೂಡಲಗಿಗೆ ಕಳಿಸಿದೆವು, ಅಲ್ಲಿ ಉಳಿಯಲಿಲ್ಲ.

ಸಾವನ್ನು ಎಲ್ಲಿ ಬರೆಸಿದಿರಿ ಎಂದೆ.

“ಸತ್ತದ್ದು ಅಲ್ಲೇ, ಮಣ್ಣಾದದ್ದೂ ಅಲ್ಲೇ. ಇಲ್ಲಿ ಯಾಕ ಬರಸೂದ್ರಿ?”

ಮೊರ ಒಮ್ಮೆ ತಡೆಯಿತು. ಹುಡುಗಿ ಕಲ್ಲೊಂದನ್ನು ಹೆಕ್ಕಿ ಅಂಗಳಕ್ಕೆ ಒಗೆದು, ಮತ್ತೆ ಕೇರಿದಳು.

ನಾನು ಅಲ್ಲಿಂದ ಎದ್ದು ಹೊರಗೆ ಬಂದೆ. ನನ್ನ ಲೆಕ್ಕದಲ್ಲಿ ಏನಾಗಿತ್ತು ಎಂದು ಆಗ ಸ್ಪಷ್ಟವಾಯಿತು. ಜನನ ಗಂಡನ ಊರಿನ ಪುಸ್ತಕಕ್ಕೆ, ಸಾವು ತವರಿನ ಪುಸ್ತಕಕ್ಕೆ. ಪೇಟೆಯಲ್ಲಿ ಭಾಜಕ, ಅಂದರೆ ಜನನ, ಉಬ್ಬುತ್ತಿತ್ತು, ಮೂಡಲಗಿಯಲ್ಲಿ ಭಾಜ್ಯ, ಅಂದರೆ ಸಾವು, ಉಬ್ಬುತ್ತಿತ್ತು. ಪೇಟೆಯ ತಗ್ಗಿನ ನೀರು ಕುಡಿದು ಸಾಯಲು ಸುರುಮಾಡಿದ ಕೂಸು ಮೂಡಲಗಿಯ ನರ್ಸಬಾಯಿಯ ಲೆಕ್ಕದಲ್ಲಿ ಸಾಯುತ್ತಿತ್ತು.

ಕಾರಕೂನನಿಗೆ ಇದು ಗೊತ್ತಿರಲಿಲ್ಲವೇ ಎಂದು ಆಫೀಸಿಗೆ ಹೋಗಿ ಕೇಳಿದೆ. ಅವನು ತಲೆ ತಗ್ಗಿಸಲಿಲ್ಲ, ಗೊಂದಲಪಡಲಿಲ್ಲ. ಗೊತ್ತಿಲ್ಲದೆ ಏನು, ಸಿಪಾಯಿಯನ್ನು ಸಕ್ಕರೆ ಹಂಚಿದ ಮನೆಗಳಿಗೆ ಕಳಿಸುವವನು ತಾನೇ ಎಂದ. ಜನಸಂಖ್ಯೆ ಬೆಳೆದಂತೆ ಕಂಡರೆ ಮುನಸಿಪಾಲಟಿಯ ದರ್ಜೆ ಏರುತ್ತದೆ, ಅಧ್ಯಕ್ಷರ ಅಪ್ಪಣೆ. ಸತ್ತವನ್ನು ಹುಡುಕಿಕೊಂಡು ಹೋಗಲು ಮಾತ್ರ ಅಪ್ಪಣೆ ಇಲ್ಲ. ಇದನ್ನು ಹೇಳುವಾಗ ಅವನು ಉದ್ಧಟತನ ತೋರಿಸಲಿಲ್ಲ. ಕೆಲಸ ಚೆನ್ನಾಗಿ ಕಲಿತವನ ಸಮಾಧಾನ ಅವನಲ್ಲಿತ್ತು. ಮೇಜಿನ ಮೇಲೆ ಯಾವುದೋ ಮನೆಯಿಂದ ಬಂದ ಸಕ್ಕರೆಯ ಪೊಟ್ಟಣ ಬಿಚ್ಚಿಟ್ಟಿತ್ತು. ಅದರ ತುಂಬ ಇರುವೆ. ಅವನು ಇರುವೆಗಳನ್ನು ಊದಿ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ನನ್ನ ಕಡೆಗೂ ಸರಿಸಿದ.

ಮುಂದಿನ ವಾರಗಳೆಲ್ಲ ಲೆಕ್ಕವನ್ನು ಮೊದಲಿನಿಂದ ಕಟ್ಟುವುದರಲ್ಲಿ ಹೋದವು. ಪ್ರತಿ ಕೂಸನ್ನೂ ಅದರ ತಂದೆಯ ಮನೆ ಇರುವ ಊರಿಗೆ ಸೇರಿಸುವುದು, ಜನನವನ್ನೂ ಅಲ್ಲಿಗೆ, ಸಾವನ್ನೂ ಅಲ್ಲಿಗೆ. ಅದಕ್ಕಾಗಿ ಮೂಡಲಗಿಯಲ್ಲಿ ಸತ್ತ ಪ್ರತಿ ಕೂಸಿನ ಮನೆಗೆ ಹೋಗಿ ತಂದೆ ಯಾವ ಊರಿನವನು, ಕೂಸು ಅಲ್ಲಿಗೆ ಹೋಗಿ ಬಂದಿತ್ತೇ, ಬೇನೆ ಎಲ್ಲಿ ಸುರುವಾಯಿತು ಎಂದು ಕೇಳಬೇಕಾಯಿತು. ಇಂಥದನ್ನು ಕೇಳುವುದಕ್ಕೆ ಸುಲಭವಾದ ರೀತಿ ಇಲ್ಲ. ನಾನು ಮಾತು ಕಡಿಮೆಯವಳು. ನರ್ಸಬಾಯಿ ಜೊತೆಗೆ ಬರಲು ಒಪ್ಪಲಿಲ್ಲ. ಸತ್ತವರ ಮನೆಗೆ ಮತ್ತೆ ಹೋಗಿ ಕೆದಕುವುದು ಅವರಿಗೆ ಸೇರದು. “ನೀವು ಕೂಸಿನ ತಂದಿ ಊರು ಕೇಳೂದಕ್ಕ ಹೋಗ್ತೀರಿ, ಆಕಿ ಕೂಸಿನ ಮಾರಿ ನೆನಿಸಿಕೊಂಡು ಕೂಡತಾಳ” ಎಂದು ಬೈದರು. ಬೈದದ್ದು ಸರಿಯಾಗಿಯೇ ಇತ್ತು. ಆದರೂ ಹೋದೆ.

ಒಂದು ಮನೆಯಲ್ಲಿ ಕೂಸಿನ ಅಜ್ಜ, ತಾಯಿಯ ತಂದೆ, ನನ್ನನ್ನು ಹೊಲದವರೆಗೆ ಕರೆದುಕೊಂಡು ಹೋದರು. ಬೇವಿನ ಗಿಡದ ಬುಡದಲ್ಲಿ ಮೂರು ಸಣ್ಣ ಗುಪ್ಪೆಗಳಿದ್ದವು, ಮೇಲೆ ಕಲ್ಲು. ಮೂರೂ ಮಗಳಂದಿರ ಕೂಸುಗಳು, ಇಬ್ಬರು ಅಳಿಯಂದಿರೂ ಪೇಟೆಯವರು.

“ಪೇಢೆ ಅವರೂರಾಗ ಹಂಚ್ಯಾರ್ರಿ, ಕುಣಿ ನಾವು ತೋಡೇವಿ” ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ಬೀಗರ ಮೇಲೆ ಸಿಟ್ಟಾಗುವ ಪದ್ಧತಿ ಅವರಲ್ಲಿರಲಿಲ್ಲ.

ಹುಕ್ಕೇರಿಯಲ್ಲೂ ಇದೇ ರೀತಿ ಪರೀಕ್ಷಿಸಿದೆ, ನನ್ನ ಊಹೆ ಮೂಡಲಗಿಯ ಮೇಲಿನ ಮರುಕದಿಂದ ಹುಟ್ಟಿದ್ದಲ್ಲ ಎಂದು ತಿಳಿಯುವುದಕ್ಕೆ. ಅಲ್ಲಿಯ ಮುಖ್ಯ ಓಣಿಗಳಲ್ಲೂ ಪೇಟೆಗೆ ಕೊಟ್ಟ ಹೆಣ್ಣುಮಕ್ಕಳ ಕಥೆ ಅದೇ. ಹೊಸ ಲೆಕ್ಕದಲ್ಲಿ ಹುಕ್ಕೇರಿ ಮೊದಲು ಬಂತು, ಮೂಡಲಗಿ ಅದರ ಹಿಂದೆಯೇ. ಪೇಟೆ ಕೊನೆಗೆ, ಬಹಳ ಕೆಳಗೆ. ನರ್ಸಬಾಯಿ ಹೆರಿಗೆ ಮಾಡಿಸಿದ, ಮೂಡಲಗಿಯಲ್ಲೇ ಬೆಳೆದ ಕೂಸುಗಳನ್ನು ಮಾತ್ರ ತೆಗೆದುಕೊಂಡರೆ ಸಾವು ನಾನು ಎಣಿಸಿದ್ದಕ್ಕಿಂತ ಎಷ್ಟೋ ಕಡಿಮೆ. ಎರಡು ಪಟ್ಟಿಗಳನ್ನೂ, ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣವನ್ನೂ ಬರೆದು ಬೆಳಗಾವಿಗೆ ಹೋದೆ.

ಕಾರ್ಯದರ್ಶಿಗಳು ಜಾಣರು. ಒಂದೇ ಓದಿಗೆ ಎಲ್ಲವನ್ನೂ ಹಿಡಿದರು. ನನ್ನ ದುಡಿಮೆಯನ್ನು ಹೊಗಳಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ಹಾಗಿದ್ದರೆ ಹೆರಿಗೆಮನೆ ಪೇಟೆಗೇ ಬೇಕಾಯಿತಲ್ಲ ಎಂದರು. ಮೊದಲ ಪಟ್ಟಿಯ ಪ್ರಕಾರ ಪೇಟೆ ಯೋಗ್ಯ ಊರು, ಅದಕ್ಕೇ ಕೊಡಬೇಕಿತ್ತು. ಈಗ ಪೇಟೆ ದುಃಸ್ಥಿತಿಯ ಊರು, ಅದಕ್ಕೇ ಕೊಡಬೇಕು. ನರ್ಸಬಾಯಿ ಹೇಗೂ ಅಲ್ಲಿಗೇ.

ಮಳೆ ಬಂದರೂ ಬಿಸಿಲು ಬಿದ್ದರೂ ಒಂದೇ ಕಡೆ ವಾಲುವ ತಕ್ಕಡಿ ಅದು. ಪೇಟೆಯ ಸೊಸೆಯರು ಪೇಟೆಯಲ್ಲಿ ಹೆರುವುದೇ ಇಲ್ಲ, ಅಲ್ಲಿ ಹೆರಿಗೆಮನೆ ಕಟ್ಟಿದರೆ ಒಳಗೆ ಪಾರಿವಾಳ ಮರಿ ಮಾಡುತ್ತವೆ ಎಂದು ಹೇಳಿದೆ. ಪೇಟೆಗೆ ಬೇಕಾಗಿರುವುದು ಒಡೆಯದ ಕೊಳವೆ, ಮುಚ್ಚಿದ ಗಟಾರ. ನರ್ಸಬಾಯಿ ಬೇಕಾಗಿರುವುದು ಹೆರುವವರು ಇರುವಲ್ಲಿ. ಕಾರ್ಯದರ್ಶಿಗಳು, ಜನ ನಿಧಾನಕ್ಕೆ ರೂಢಿ ಬದಲಿಸುತ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿ, ದಾನಿಗಳು ಪೇಟೆಯ ಅಧ್ಯಕ್ಷರಿಗೆ ಬೀಗರಾಗಬೇಕು ಎಂದರು. ಅದನ್ನು ಅಲ್ಲಿಯ ತನಕ ನನಗೆ ಯಾರೂ ತಿಳಿಸಿರಲಿಲ್ಲ.

ಇದನ್ನು ತೀರ್ಮಾನಿಸುವ ಸಭೆ ಪೇಟೆಯಲ್ಲೇ ನಡೆಯಿತು, ಅಧ್ಯಕ್ಷರ ಅಡತಿ ಅಂಗಡಿಯ ಮಾಳಿಗೆಯಲ್ಲಿ. ಕೆಳಗೆ ಬೆಲ್ಲದ ಪೆಂಟೆಗಳು, ಕಣಜದ ಹುಳುಗಳ ಗುಂಯ್‌ಗುಡುವಿಕೆ. ಸಮಿತಿಯವರು, ಅಧ್ಯಕ್ಷರು, ಗೋಡೆಯ ಪಕ್ಕದಲ್ಲಿ ನಾನು. ಅಧ್ಯಕ್ಷರ ಕೈಯಲ್ಲಿ ನನ್ನ ಎರಡನೆಯ ಪಟ್ಟಿ ಇತ್ತು. ಅವರು ಸಿಡಿಯುತ್ತಾರೆ, ಸುಳ್ಳು ಎನ್ನುತ್ತಾರೆ ಎಂದು ನಾನು ಉತ್ತರಗಳನ್ನು ಸಿದ್ಧ ಮಾಡಿಕೊಂಡು ಬಂದಿದ್ದೆ. ಅವರು ಸುಳ್ಳು ಎನ್ನಲಿಲ್ಲ. ಕಾಗದವನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡು, ಎಲ್ಲರಿಗೂ ಹಾಲು ತರಲು ಹೇಳಿದರು.

“ಬಾಯಾರು ಖರೇನ ಬರದಾರ್ರಿ. ಹೆರಿಗಿ ನಮ್ಮೂರಾಗ ಆಗೂದ ಇಲ್ಲ. ಹೆರಿಗಿಮನಿ ಕಟ್ಟಿ ನಾವೇನ ಮಾಡೂಣು? ಜಾಗಾನೂ ಇಲ್ಲ, ಇದ್ದ ಒಂದ ಜಾಗಾದಾಗ ನನ್ನ ಪೆಂಟಿ ಕೂತಾವ.” ಎಲ್ಲರೂ ನಕ್ಕರು. “ನರ್ಸಬಾಯಿನ್ನ ಮೂಡಲಗ್ಯಾಗ ಇಡ್ರಿ, ಮನೀನೂ ಅಲ್ಲೇ ಕಟ್ರಿ, ನಮ್ಮ ಬೀಗರಿಗೆ ನಾ ಹೇಳ್ತೇನಿ. ನಂಬರ್ ಅಷ್ಟ ನಮಗ ಬಿಡ್ರಿ.”

ಮೊದಲ ಪಟ್ಟಿ ಅಚ್ಚಾಗಬೇಕು, ಎರಡನೆಯದು ಆಗಕೂಡದು. ಇಷ್ಟೇ ಅವರ ಬೇಡಿಕೆ. ಮುನಸಿಪಾಲಟಿಯ ದರ್ಜೆ ಏರಿಸಬೇಕೆಂಬ ಅರ್ಜಿಯ ಜೊತೆ ಸಮಿತಿಯ ವರದಿ ಹೋಗಬೇಕಾಗಿತ್ತು. ಕೂಸುಗಳ ಸಾವಿನ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ತಗ್ಗಿನ ನೀರಿನ ಬಗ್ಗೆಯೂ ಇಲ್ಲ. ಕಾರ್ಯದರ್ಶಿಗಳ ಮುಖ ಅರಳಿತು. ಅವರು ನನ್ನ ಕಡೆ ತಿರುಗಿ, ನಿಮಗೆ ಬೇಕಾದದ್ದು ಸಿಕ್ಕಿತಲ್ಲ, ಇನ್ನು ಒಪ್ಪಿಗೆ ಕೊಡಿ ಎಂದರು. ಎರಡನೆಯ ಪಟ್ಟಿಯ ಇನ್ನೊಂದು ಪ್ರತಿ ನನ್ನ ಹತ್ತಿರ ಇದೆ, ನಾನು ಅದನ್ನು ಪತ್ರಿಕೆಗೆ ಕಳಿಸಬಲ್ಲೆ ಎಂಬುದು ಅವರಿಗೂ ಗೊತ್ತಿತ್ತು. ಕಳಿಸಿದರೆ ಬೀಗರ ಹಣ ಹಿಂದೆ ಸರಿಯುತ್ತದೆ, ನರ್ಸಬಾಯಿ ಮೂಡಲಗಿಯಲ್ಲಿ ಉಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಹಾಲು ಬಂತು. ಕೆನೆ ಕಟ್ಟಿದ್ದನ್ನು ನೋಡಿ ನನಗೆ ಸಾಲೆಯ ಹಿಂದಿನ ತಗ್ಗು ಕಣ್ಣಿಗೆ ಬಂತು. ಬಟ್ಟಲನ್ನು ಕೆಳಗಿಟ್ಟೆ. ಅಂಕಿಗಳು ಸರಿಯಿದ್ದರೆ ನ್ಯಾಯ ತಾನಾಗಿ ಸರಿಯಾಗುತ್ತದೆ ಎಂದು ಕಾಲೇಜಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಹಾಗೇ ತಿಳಿದುಕೊಂಡಿದ್ದೆ. ಈ ಮಾಳಿಗೆಯಲ್ಲಿ ಸರಿಯಾದ ಅಂಕಿ ಚೌಕಾಸಿಗೆ ಒದಗಿದ ಇನ್ನೊಂದು ಸರಕು. ಅದನ್ನು ತಡೆಹಿಡಿದರೆ ಅದಕ್ಕೆ ಬೆಲೆ, ಪ್ರಕಟಿಸಿದರೆ ಇಲ್ಲ. ನರ್ಸಬಾಯಿ ಇಲ್ಲದ ಮೂಡಲಗಿಯಲ್ಲಿ ಹೆರಲು ಬರುವ ಹುಡುಗಿಯರಿಗೆ ನನ್ನ ಎರಡನೆಯ ಪಟ್ಟಿಯಿಂದ ಏನೂ ಆಗಬೇಕಾದ್ದಿರಲಿಲ್ಲ. ಮೊದಲ ಪಟ್ಟಿಯನ್ನು ನಂಬಿ ಪೇಟೆಯಲ್ಲಿ ಮನೆ ಮಾಡುವವರು ಯಾರಾದರೂ ಇದ್ದರೆ ಅವರಿಗೆ ಮಾತ್ರ ಆಗಬೇಕಿತ್ತು. ಅವರೆಲ್ಲರನ್ನೂ ಲೆಕ್ಕಕ್ಕೆ ಹಿಡಿದೇ ಒಪ್ಪಿದೆ. ಈಗ ಕೇಳಿದರೂ ಒಪ್ಪುತ್ತೇನೆ, ಇದೇ ಹೇಸಿಗೆಯಿಂದ.

ಒಂದು ಮಾತು ಮಾತ್ರ ಹೇಳಿದೆ. ಅಚ್ಚಾಗುವ ಪಟ್ಟಿಯ ಕೆಳಗೆ ನನ್ನ ಹೆಸರು ಇರಬಾರದು, ನಾನು ಅದಕ್ಕೆ ಸಹಿ ಮಾಡುವುದಿಲ್ಲ.

ಕಾರ್ಯದರ್ಶಿಗಳು ನಿಜವಾಗಿಯೂ ಆಶ್ಚರ್ಯಪಟ್ಟರು.

“ನಿಮ್ಮ ಹೆಸರು ಮೊದಲೂ ಇರಲಿಲ್ರಿ ಬಾಯಿ. ವರದಿ ಸಮಿತಿ ಹೆಸರಲೇ ಹೋಗೂದು.”

ಅಧ್ಯಕ್ಷರು ಕೆಮ್ಮಿದರು. ಯಾರೋ ಹಾಲು ಆರುತ್ತದೆ ಎಂದರು.

ಮಾರನೆಯ ದಿನವೇ ಮೂಡಲಗಿಗೆ ಹೋದೆ. ಕಾಗದ ಬರೆದು ತಿಳಿಸಬಹುದಾಗಿತ್ತು, ಆದರೆ ಬಾಯಿಂದ ಹೇಳಬೇಕೆನಿಸಿತು. ನರ್ಸಬಾಯಿಯ ಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಕೂತಿದ್ದರು. ಅಂಗಳದ ಒಲೆಯ ಮೇಲೆ ದೊಡ್ಡ ಹಂಡೆ. ನರ್ಸಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೊಣಕೈವರೆಗೆ ಸಾಬೂನು ಹಚ್ಚಿಕೊಳ್ಳುತ್ತ ಇದ್ದರು. ನೀವು ಇಲ್ಲೇ ಇರುತ್ತೀರಿ, ಹೆರಿಗೆಮನೆಯೂ ಇಲ್ಲೇ ಆಗುತ್ತದೆ ಎಂದು ಹೇಳಿದೆ. ಅವರು ಕೈ ತೊಳೆಯುವುದನ್ನು ನಿಲ್ಲಿಸಲಿಲ್ಲ. ಕಣ್ಣು ಮಾತ್ರ ಒಂದು ಸಲ ಗಟ್ಟಿಯಾಗಿ ಮುಚ್ಚಿ ತೆರೆದರು.

“ನಂಬರ್ ಯಾ ಊರಿಗೆ ಕೊಟ್ಟೀರಿ?”

ಪೇಟೆಗೆ ಎಂದೆ. ಹೇಗೆ, ಏಕೆ ಎಂದು ವಿವರಿಸಲು ಬಾಯಿ ತೆರೆದೆ. ಒಳಗಿನಿಂದ ಒಂದು ನರಳು ಕೇಳಿಸಿತು, ಹಲ್ಲು ಕಚ್ಚಿ ತಡೆದದ್ದು.

“ಆ ಮೊದಲ ನಂಬರ್ ಊರಿನ ಸೊಸಿನ ಒಳಗ ಮಲಗ್ಯಾಳ್ರಿ” ಎಂದರು ನರ್ಸಬಾಯಿ, ಕೈ ಮೇಲೆತ್ತಿ ನೀರು ಸೋರಲು ಬಿಟ್ಟು. “ಬಾಗಲಾ ಬಿಟ್ಟು ಬಾಜೂ ಸರೀರಿ. ನೀರು ಕಾದೈತಿ.”

ನಾನು ಬಾಜೂ ಸರಿದೆ.